ಬ್ಯಾಗ್ ನೋಡ್ಕೊಳ್ಳೋಕೆ ಯಾರೂ ಇಲ್ಲದಾಗ

2005ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ವ್ಯಾಪಾರಿಯೊಬ್ಬರು ಕಾಶಿ ವಿಶ್ವನಾಥ ಎಕ್ಸ್‌ಪ್ರೆಸ್ ಹತ್ತಿ ದಿಲ್ಲಿಗೆ ಹೊರಟರು. ಕಾದಿರಿಸಿದ ಬರ್ತು. ಕೈಯಲ್ಲಿ ಒಂದು ಲಕ್ಷ ರೂಪಾಯಿ. ಅದನ್ನು ಬ್ಯಾಗಿನಲ್ಲಿಡದೆ ಬಟ್ಟೆಯ ಪಟ್ಟಿಯೊಳಗೆ ಸೇರಿಸಿ ಸೊಂಟಕ್ಕೆ ಬಿಗಿದುಕೊಂಡಿದ್ದರು. ಪ್ರಯಾಣದ ಬಗ್ಗೆ ಬುದ್ಧಿ ಹೇಳುವವರೆಲ್ಲ ಹೇಳುವುದೂ ಅದನ್ನೇ, ದುಡ್ಡು ಮೈಮೇಲಿರಲಿ ಅಂತ. ಬೆಳಗಿನ ಜಾವ ಎಚ್ಚರವಾಗಿ ತಡಕಿ ನೋಡಿದರೆ ಹಣ ಹೋಗಿತ್ತು. ಪೊಲೀಸರಿಗೆ ದೂರು ಕೊಟ್ಟರು, ಗ್ರಾಹಕ ವೇದಿಕೆಗೂ ಹೋದರು. ಜಿಲ್ಲೆ, ರಾಜ್ಯ, ರಾಷ್ಟ್ರ ಮೂರೂ ಹಂತದಲ್ಲಿ ಅವರೇ ಗೆದ್ದರು. ಆದರೆ ರೈಲ್ವೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2023ರ ಜೂನ್‌ನಲ್ಲಿ ತೀರ್ಪು ತಿರುಗಿತು. ಪ್ರಯಾಣಿಕ ತನ್ನ ವಸ್ತುವನ್ನು ತಾನೇ ಕಾಯ್ದುಕೊಳ್ಳಲಾಗದಿದ್ದರೆ ಅದನ್ನು ರೈಲ್ವೆಯ ಸೇವಾಲೋಪ ಎನ್ನಲಾಗದು ಎಂದಿತು ನ್ಯಾಯಾಲಯ.

1989ರ ರೈಲ್ವೆ ಕಾಯ್ದೆಯ 100ನೇ ಸೆಕ್ಷನ್ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಲಗೇಜ್ ಬುಕ್ ಮಾಡಿ ರಸೀದಿ ಪಡೆದಿದ್ದರೆ ಹೊಣೆ ರೈಲ್ವೆಯದು. ನೀವೇ ಹೊತ್ತು ತಂದು ಸೀಟಿನಡಿ ತಳ್ಳಿದ ಬ್ಯಾಗಿಗೆ ಅದು ಹೊಣೆಯಾಗಬೇಕಾದರೆ ಸಿಬ್ಬಂದಿಯ ಅಲಕ್ಷ್ಯದಿಂದಲೋ ದುರ್ನಡತೆಯಿಂದಲೋ ನಷ್ಟವಾಯಿತೆಂದು ಸಾಬೀತು ಮಾಡಬೇಕು. ಹಾಗೆ ಸಾಬೀತಾಗಿ ಪರಿಹಾರ ಸಿಕ್ಕ ಪ್ರಕರಣಗಳೂ ಇವೆ. ಕಾದಿರಿಸಿದ ಬೋಗಿಗೆ ಟಿಕೆಟ್ ಇಲ್ಲದವರನ್ನು ಬಿಟ್ಟುಕೊಂಡದ್ದು ಸಿಬ್ಬಂದಿಯ ಲೋಪವೇ ಎಂದು ಗ್ರಾಹಕ ಆಯೋಗಗಳು ಹೇಳಿವೆ. ಅಂಥ ವಾದದಲ್ಲಿ ಬ್ಯಾಗಿಗೆ ಸರಪಳಿ ಹಾಕಿ ಬೀಗ ಜಡಿದಿದ್ದಿರೋ ಇಲ್ಲವೋ ಎನ್ನುವ ಪ್ರಶ್ನೆ ಬಂದೇ ಬರುತ್ತದೆ. ನೂರೈವತ್ತು ರೂಪಾಯಿಯ ಚೈನು ಕಳ್ಳನನ್ನು ತಡೆಯದಿದ್ದರೂ ನಿಮ್ಮ ಪರ ಸಾಕ್ಷಿಯಾದರೂ ಹೇಳುತ್ತದೆ.

ಬೆನ್ನಿಗೆ ಚೀಲ ಹಾಕಿಕೊಂಡು ಒಬ್ಬರೇ ಊರೂರು ಸುತ್ತುವವರ ಸಂಖ್ಯೆ ಈಗ ನಮ್ಮಲ್ಲೂ ದೊಡ್ಡದು. ಕೆಲಸ ಬದಲಿಸುವ ನಡುವೆ ಒಂದು ತಿಂಗಳು ಹಿಮಾಚಲಕ್ಕೆ ಹೋಗುವ ಬೆಂಗಳೂರಿನ ಹುಡುಗ, ವಾರಾಂತ್ಯಕ್ಕೆ ಗೋಕರ್ಣಕ್ಕೆ ಹೊರಡುವ ಹುಬ್ಬಳ್ಳಿಯ ಹುಡುಗಿ, ನಿವೃತ್ತಿಯ ನಂತರ ಒಬ್ಬರೇ ಕಾಶಿ, ಕೇದಾರ ಎಂದು ಹೊರಟ ಮೇಷ್ಟ್ರು. ಇವರೆಲ್ಲರ ತೊಡಕು ಒಂದೇ. ಇಬ್ಬರಿದ್ದರೆ ಒಬ್ಬರು ಮುಖ ತೊಳೆಯಲು ಹೋದಾಗ ಇನ್ನೊಬ್ಬರು ಕೂತಿರುತ್ತಾರೆ. ಒಬ್ಬರೇ ಇದ್ದಾಗ ಕಾವಲುಗಾರನೂ ನೀವೇ, ಶೌಚಾಲಯಕ್ಕೆ ಹೋಗಬೇಕಾದವರೂ ನೀವೇ. ನಿದ್ದೆ, ಸ್ನಾನ, ಶೌಚ, ಫೋನ್ ಚಾರ್ಜು: ಒಂಟಿ ಪ್ರಯಾಣಿಕರ ಸಾಮಾನು ಹೋಗುವುದು ಬಹುಪಾಲು ಈ ನಾಲ್ಕು ಹೊತ್ತಿನಲ್ಲಿ. ಕತ್ತಲ ಗಲ್ಲಿಯಲ್ಲಿ ಚಾಕು ತೋರಿಸಿ ಕಿತ್ತುಕೊಳ್ಳುವುದನ್ನು ಸಿನಿಮಾದಲ್ಲಿ ನೋಡಿದಷ್ಟು ನಾವು ಊರಿನಲ್ಲಿ ನೋಡಿಲ್ಲ.

ರಾತ್ರಿ ರೈಲನ್ನೇ ತೆಗೆದುಕೊಳ್ಳಿ. ಸ್ಲೀಪರ್ ಬೋಗಿಯಲ್ಲಿ ಕೆಳಗಿನ ಬರ್ತಿನ ಅಡಿಗೆ ಬಗ್ಗಿ ನೋಡಿದರೆ ತಂತಿಯ ಕೊಂಡಿಗಳು ಸಿಗುತ್ತವೆ, ಚೈನು ಸಿಕ್ಕಿಸಲೆಂದೇ ಇಟ್ಟವು. ಸೂಟ್‌ಕೇಸಿಗಾದರೆ ಹಿಡಿಯೊಳಗೆ ಚೈನು ತೂರಿಸಿದರೆ ಮುಗಿಯಿತು. ಬೆನ್ನುಚೀಲಕ್ಕೆ ಹಿಡಿ ಅಂತ ಇರುವುದು ನೆತ್ತಿಯ ಮೇಲಿನ ಒಂದು ಬೆರಳಗಲದ ಪಟ್ಟಿ. ಅದನ್ನು ಬ್ಲೇಡಿನಲ್ಲಿ ಕತ್ತರಿಸಲು ಎರಡು ಸೆಕೆಂಡು ಸಾಕು. ಚೈನನ್ನು ಎರಡೂ ಭುಜಪಟ್ಟಿಗಳ ಒಳಗಿಂದ ತಂದು, ಸೊಂಟದ ಪಟ್ಟಿಗೂ ಒಂದು ಸುತ್ತು ಹಾಕಿ, ಪಟ್ಟಿಗಳ ಮುಖ ಗೋಡೆಯ ಕಡೆಗೆ ಬರುವಂತೆ ಚೀಲ ಮಲಗಿಸಿದರೆ ಕತ್ತರಿಸುವವನು ಬರ್ತಿನಡಿ ಪೂರ್ತಿ ನುಸುಳಬೇಕಾಗುತ್ತದೆ. ಅಷ್ಟು ಕಷ್ಟಪಡುವ ಬದಲು ಅವನು ಪಕ್ಕದ ಚೀಲ ನೋಡಿಕೊಳ್ಳುತ್ತಾನೆ. ಕೇಳಲು ಸ್ವಾರ್ಥದ ಮಾತು. ಬೀಗದ ಕೆಲಸವೇ ಅದು.

ಒಬ್ಬರೇ ಹೋಗುವವರಿಗೆ ನನ್ನ ಆಯ್ಕೆ ಮೇಲಿನ ಬರ್ತು. ಗೋಡೆಯ ಕಡೆ ಚೀಲ, ಅದರ ಮೇಲೆ ತಲೆ, ಓಡಾಡುವ ದಾರಿಯ ಕಡೆ ಕಾಲು. ಯಾರೇ ಚೀಲಕ್ಕೆ ಕೈಹಾಕಬೇಕಾದರೂ ನಿಮ್ಮ ಮೈಮೇಲೆ ಹತ್ತಿಯೇ ಬರಬೇಕು. ಎತ್ತರದವರಾದರೆ ನಿಮ್ಮ ಪಾದ ಹೊರಗೆ ಚಾಚಿ ರಾತ್ರಿಯೆಲ್ಲ ಹೋಗಿಬರುವವರ ಹಣೆಗೆ ತಾಗುತ್ತದೆ, ಅದೊಂದು ಅವರು ಸಹಿಸಿಕೊಳ್ಳಬೇಕು. ಕೆಳಗಿನ ಬರ್ತು ಹಗಲು ಕಿಟಕಿಗೆ ಚೆಂದ. ಆದರೆ ರೈಲು ನಿಲ್ದಾಣದಿಂದ ಮೆಲ್ಲನೆ ಚಲಿಸತೊಡಗಿದಾಗ ಪ್ಲಾಟ್‌ಫಾರಂನಲ್ಲಿ ನಿಂತವನ ಕೈಗೆ ಕಿಟಕಿಯಲ್ಲಿರುವ ಫೋನು ಸುಲಭವಾಗಿ ಎಟುಕುತ್ತದೆ. ರೈಲು ಹೊರಡುವ ಆ ಗಳಿಗೆ ಕಳ್ಳನಿಗೆ ಇಷ್ಟವಾಗುವುದಕ್ಕೆ ಕಾರಣ ಸರಳ. ಅವನು ಕೆಳಗೇ ಇರುತ್ತಾನೆ, ನೀವು ಇಳಿಯುವಂತಿಲ್ಲ.

ಇನ್ನು ಚಾರ್ಜಿಂಗ್. ಸಾಕೆಟ್ಟು ಒಂದು ಕಡೆ, ಬರ್ತು ಇನ್ನೊಂದು ಕಡೆ, ನಡುವೆ ತೂಗಾಡುವ ವೈರು, ತುದಿಯಲ್ಲಿ ಇಪ್ಪತ್ತು ಸಾವಿರದ ಫೋನು, ಯಜಮಾನರು ಗೊರಕೆ. ಇದಕ್ಕೆ ಬೀಗವಿಲ್ಲ. ಫೋನನ್ನು ರಾತ್ರಿ ಸಾಕೆಟ್ಟಿಗೆ ಹಾಕದೇ ಇರುವಂತೆ ಮಾಡುವ ಪವರ್ ಬ್ಯಾಂಕು ಒಂದಿದ್ದರೆ ಈ ಅಪಾಯವೇ ಇಲ್ಲ. ಒಂಟಿ ಪ್ರಯಾಣಿಕ ಸುರಕ್ಷತೆಗೆಂದು ಮೊದಲು ಖರ್ಚು ಮಾಡಬೇಕಾದ್ದು ಬೀಗಕ್ಕಲ್ಲ, ಪವರ್ ಬ್ಯಾಂಕಿಗೆ ಎಂಬುದು ನನ್ನ ಅಭಿಪ್ರಾಯ. ಜೇಬಿನಲ್ಲೇ ಫೋನು, ಜೇಬಿನಲ್ಲೇ ಚಾರ್ಜು.

ತಿನಿಸಿನಲ್ಲಿ ಮತ್ತು ಬರಿಸುವ ಮದ್ದು ಬೆರೆಸಿ ಕೊಟ್ಟು ದೋಚುವ ವಿದ್ಯೆ ಹಳೆಯದು. ಹತ್ತೊಂಬತ್ತನೆಯ ಶತಮಾನದ ವೈದ್ಯಕೀಯ, ಪೊಲೀಸ್ ಬರಹಗಳಲ್ಲಿ ದಾರಿಹೋಕರಿಗೆ ಉಮ್ಮತ್ತದ ಬೀಜ ಅರೆದು ಊಟದಲ್ಲಿ ಬೆರೆಸಿ ಕೊಡುತ್ತಿದ್ದವರ ವಿಷಯ ಮತ್ತೆ ಮತ್ತೆ ಬರುತ್ತದೆ. ಈಗ ಆ ಜಾಗಕ್ಕೆ ನಿದ್ದೆಮಾತ್ರೆ ಬಂದಿದೆ. ಉತ್ತರದ ರೈಲ್ವೆ ಪೊಲೀಸರು ಇದನ್ನು ‘ಜಹರ್‌ಖುರಾನಿ’ ಎನ್ನುತ್ತಾರೆ, ಅಪರಿಚಿತರು ಕೊಟ್ಟದ್ದನ್ನು ತಿನ್ನಬೇಡಿ ಎಂದು ನಿಲ್ದಾಣಗಳಲ್ಲಿ ಕೂಗಿ ಹೇಳುತ್ತಾರೆ. ನಮ್ಮ ಕಷ್ಟ ಬೇರೆ. ಎದುರು ಸೀಟಿನ ಅಮ್ಮ ಬಾಳೆಲೆಯಲ್ಲಿ ಕಟ್ಟಿದ ಪುಳಿಯೋಗರೆ ಬಿಚ್ಚಿ ‘ತಗೊಳ್ಳಪ್ಪಾ’ ಎಂದರೆ ಬೇಡ ಎನ್ನುವುದು ಹೇಗೆ? ಮನೆಮಂದಿಯೆಲ್ಲ ಒಂದೇ ಡಬ್ಬಿಯಿಂದ ತಿನ್ನುತ್ತಿರುವಾಗ ನಿಮಗೂ ಒಂದು ತುತ್ತು ಬಂದರೆ ಅದು ಊಟ. ಒಬ್ಬರೇ ಬಂದು, ಪಕ್ಕ ಕೂತು, ಅರ್ಧ ಗಂಟೆಯಲ್ಲಿ ಆಪ್ತರಾಗಿ, ನಿಮಗೊಬ್ಬರಿಗೇ ಚಹಾ ತಂದುಕೊಟ್ಟರೆ ಮಾತ್ರ ಯೋಚಿಸಿ. ಅಂಥ ಹೊತ್ತಿಗೆ ‘ಇವತ್ತು ಉಪವಾಸ’ ಎನ್ನಿ, ಇಲ್ಲವೇ ‘ಹೊಟ್ಟೆ ಸರಿಯಿಲ್ಲ’ ಎನ್ನಿ. ಈ ಎರಡು ಮಾತಿಗೆ ಮರುಪ್ರಶ್ನೆ ಹಾಕುವವರು ನಮ್ಮ ದೇಶದಲ್ಲಿ ಕಡಿಮೆ.

ಬೀಗದ ಬಗ್ಗೆ ಒಂದಿಷ್ಟು ವಿವರವಾಗಿಯೇ ಹೇಳಬೇಕು, ಯಾಕೆಂದರೆ ಬೀಗದ ಮೇಲೆ ನಮಗಿರುವ ನಂಬಿಕೆ ಅದರ ಯೋಗ್ಯತೆಗಿಂತ ದೊಡ್ಡದು. ಜಿಪ್ಪಿನ ಎರಡು ತಲೆಗಳನ್ನು ಸೇರಿಸಿ ಬೀಗ ಹಾಕಿದ ಚೀಲವೊಂದನ್ನು ಮುಂದಿಟ್ಟುಕೊಳ್ಳಿ. ಒಂದು ಬಾಲ್ ಪೆನ್ನು ತೆಗೆದುಕೊಂಡು ಜಿಪ್ಪಿನ ಹಲ್ಲುಗಳ ನಡುವೆ ಒತ್ತಿ. ಸುರುಳಿ ಹಲ್ಲಿನ ಜಿಪ್ಪಾದರೆ ಪೆನ್ನಿನ ಮೂತಿ ಒಳಗಿಳಿಯುತ್ತದೆ. ಅದನ್ನು ಹಾಗೇ ಎಳೆಯುತ್ತಾ ಹೋದರೆ ಜಿಪ್ಪು ಬಾಯಿಬಿಡುತ್ತದೆ, ಬೀಗ ಮಾತ್ರ ಭದ್ರ. ಬೇಕಾದ್ದು ತೆಗೆದುಕೊಂಡ ಮೇಲೆ, ಬೀಗ ಹಾಕಿದ ಎರಡೂ ತಲೆಗಳನ್ನು ಒಟ್ಟಿಗೇ ಹಿಡಿದು ಆ ಕಡೆಯಿಂದ ಈ ಕಡೆಗೆ ಒಮ್ಮೆ ಎಳೆದರೆ ಹಲ್ಲುಗಳು ಮತ್ತೆ ಕಚ್ಚಿಕೊಳ್ಳುತ್ತವೆ. ಏನೂ ಆಗಿಲ್ಲವೆಂಬಂತೆ ಚೀಲ ಕೂತಿರುತ್ತದೆ. ಕ್ಯಾಮೆರಾ ಹೋದದ್ದು ಮೂರು ದಿನ ಬಿಟ್ಟು, ಮುಂದಿನ ಊರಿನಲ್ಲಿ ಗೊತ್ತಾಗುತ್ತದೆ. ಇದಕ್ಕಿರುವ ಉಪಾಯ ಬೀಗವನ್ನು ಜಿಪ್ಪಿನ ತಲೆಗಳಿಗೆ ಹಾಕಿ, ಜೊತೆಗೆ ಚೀಲಕ್ಕೆ ಹೊಲಿದ ಯಾವುದಾದರೂ ಗಟ್ಟಿ ಕುಣಿಕೆಗೂ ಸಿಕ್ಕಿಸುವುದು. ಆಗಲೂ ಪೆನ್ನು ಒಳಗೆ ಹೋಗುತ್ತದೆ, ಆದರೆ ತಲೆಗಳು ಸರಿಯುವುದಿಲ್ಲವಾದ್ದರಿಂದ ಮತ್ತೆ ಮುಚ್ಚಲಾಗುವುದಿಲ್ಲ. ಕದ್ದದ್ದು ತಕ್ಷಣ ಕಣ್ಣಿಗೆ ಬೀಳುತ್ತದೆ.

ಮೂರಂಕಿಯ ನಂಬರ್ ಬೀಗಕ್ಕೆ ಇರುವುದು ಒಂದು ಸಾವಿರ ಜೋಡಣೆ. ಎರಡು ಸೆಕೆಂಡಿಗೊಂದರಂತೆ ತಿರುಗಿಸಿದರೆ ಎಲ್ಲವನ್ನೂ ನೋಡಿ ಮುಗಿಸಲು ಅರ್ಧ ಗಂಟೆಗಿಂತ ತುಸು ಹೆಚ್ಚು. ಅಷ್ಟೂ ಬೇಕಾಗುವುದಿಲ್ಲ. ನಮ್ಮಲ್ಲಿ ಹೆಚ್ಚಿನವರು ಬೀಗ ಹಾಕಿದ ಮೇಲೆ ಒಂದೇ ಚಕ್ರವನ್ನು ಒಂದೇ ಮನೆ ತಿರುಗಿಸಿ ಬಿಡುತ್ತೇವೆ. ವಿಮಾನ ನಿಲ್ದಾಣದ ಅಧಿಕಾರಿಗಳು ತೆರೆಯಲೆಂದು ಅಮೆರಿಕದಲ್ಲಿ ಬಂದ ಟಿಎಸ್‌ಎ ಬೀಗಗಳ ಕಥೆ ಇನ್ನೂ ಸ್ವಾರಸ್ಯದ್ದು. ಎಲ್ಲ ಬೀಗ ತೆರೆಯುವ ಮಾಸ್ಟರ್ ಕೀಗಳ ಗೊಂಚಲನ್ನು 2014ರಲ್ಲಿ ಅಲ್ಲಿನ ದೊಡ್ಡ ಪತ್ರಿಕೆಯೊಂದು ಫೋಟೊ ಸಮೇತ ಛಾಪಿಸಿತು. ಮರುವರ್ಷವೇ ಆ ಕೀಗಳ ನಕಲನ್ನು ತ್ರೀಡಿ ಪ್ರಿಂಟರಿನಲ್ಲಿ ತೆಗೆಯುವ ನಕ್ಷೆ ಊರೆಲ್ಲ ಹಂಚಿಹೋಯಿತು.

ಬ್ಲೇಡಿಗೆ ಜಗ್ಗದ ಚೀಲ, ಉಕ್ಕಿನ ತಂತಿಯ ಬಲೆ ಹೊದೆಸಿದ ಚೀಲ ಎಂದೆಲ್ಲ ಮಾರುಕಟ್ಟೆಯಲ್ಲಿವೆ. 1998ರಲ್ಲಿ ಶುರುವಾದ ಪ್ಯಾಕ್‌ಸೇಫ್ ಕಂಪನಿ ಹೆಸರು ಮಾಡಿದ್ದೇ ಇಂಥ ಬಲೆಯಿಂದ. ಒಳ್ಳೆಯ ಸರಕೇ. ಆದರೆ ಬಲೆಯ ಭಾರವನ್ನು ನೀವೇ ಹೊರಬೇಕು. ಅದಕ್ಕಿಂತ ಹೆಚ್ಚಾಗಿ, ಸಂತೆಯ ನಡುವೆ ಉಕ್ಕಿನ ಬಲೆ ಹಾಕಿದ ಚೀಲ ಒಳಗೇನೋ ಇದೆ ಎಂದು ಡಂಗುರ ಸಾರುತ್ತದೆ. ನನಗೆ ಮೆಚ್ಚುಗೆಯಾದದ್ದು ಮಾಸಲು ಬಣ್ಣದ ಮಳೆ ಹೊದಿಕೆ. ಮಳೆ ಇರಲಿ ಬಿಡಲಿ, ಬಸ್ ಸ್ಟ್ಯಾಂಡಿನಲ್ಲಿ ಚೀಲಕ್ಕೆ ಅದನ್ನು ಹೊದೆಸಿದರೆ ಜಿಪ್ಪು ಕಾಣುವುದಿಲ್ಲ, ಕಂಪನಿಯ ಹೆಸರೂ ಕಾಣುವುದಿಲ್ಲ.

ರೈಲು ನಿಲ್ದಾಣದ ಕ್ಲಾಕ್ ರೂಮಿನಲ್ಲೂ ಬೀಗದ ಪ್ರಶ್ನೆ ಎದುರಾಗುತ್ತದೆ. ಬೀಗ ಹಾಕದ ಸಾಮಾನನ್ನು ಅವರು ತೆಗೆದುಕೊಳ್ಳುವುದಿಲ್ಲ, ಟಿಕೆಟ್ಟನ್ನೂ ಕೇಳುತ್ತಾರೆ. ಬಾಯಿಗೆ ಲಾಡಿ, ಮೇಲೊಂದು ಬಕಲ್ ಇರುವ ಚಾರಣದ ಚೀಲಕ್ಕೆ ಬೀಗ ಎಲ್ಲಿಂದ ತರುವುದು? ಇಡೀ ಚೀಲ ಹಿಡಿಸುವ, ಜಿಪ್ಪಿರುವ ಒಂದು ಅಗ್ಗದ ಬಟ್ಟೆ ಚೀಲ ಮಡಿಸಿ ಇಟ್ಟುಕೊಂಡಿದ್ದರೆ ಅದರೊಳಗೆ ಇಳಿಸಿ ಬೀಗ ಹಾಕಿ ಕೊಡಬಹುದು. ರಾತ್ರಿ ಬಸ್ಸಿನ ಡಿಕ್ಕಿಗೂ ಇದೇ ಹೊದಿಕೆ. ಡಿಕ್ಕಿಗೆ ಹೋಗುವುದು ಬಟ್ಟೆ, ಟೆಂಟು, ಮಲಗುವ ಚೀಲ ಮಾತ್ರ. ಬೆಲೆಬಾಳುವುದೆಲ್ಲ ಮಡಿಲಿನ ಸಣ್ಣ ಚೀಲದಲ್ಲಿ. ನಡುರಾತ್ರಿ ಊಟಕ್ಕೆ ನಿಲ್ಲಿಸಿದಾಗ ಆ ಸಣ್ಣ ಚೀಲವೂ ನಿಮ್ಮೊಂದಿಗೆ ಇಳಿಯಬೇಕು, ನಿದ್ದೆಗಣ್ಣಿನಲ್ಲಾದರೂ ಸರಿ.

ಈ ದೊಡ್ಡ ಚೀಲ, ಸಣ್ಣ ಚೀಲದ ಭೇದವೇ ಒಂಟಿ ಪ್ರಯಾಣದ ಅರ್ಧ ವಿದ್ಯೆ. ದೊಡ್ಡದು ಹೋದರೆ ಅಳು ಬರಬೇಕು, ಪ್ರಯಾಣ ನಿಲ್ಲಬಾರದು. ಸಣ್ಣದು ಹೋದರೂ ಊರಿಗೆ ಮರಳುವಷ್ಟು ಇನ್ನೆಲ್ಲೋ ಇರಬೇಕು. ಹಿಂದೆ ಕಾಶಿಗೆ ಹೋಗುವವರು ಬನಿಯನ್ನಿಗೆ ಒಳಜೇಬು ಹೊಲಿಸಿಕೊಳ್ಳುತ್ತಿದ್ದರು, ಹೆಂಗಸರು ಸೆರಗಿನ ತುದಿಗೆ ಒಂದಿಷ್ಟು ಗಂಟು ಹಾಕಿ ಉಳಿದದ್ದನ್ನು ಎಲೆಯಡಿಕೆ ಸಂಚಿಯಲ್ಲಿ ಇಡುತ್ತಿದ್ದರು. ಆ ಬುದ್ಧಿ ಹಳತಾಗಿಲ್ಲ. ಒಂದು ಎಟಿಎಂ ಕಾರ್ಡು ಪರ್ಸಿನಲ್ಲಿ, ಬೇರೆ ಬ್ಯಾಂಕಿನದೊಂದು ದೊಡ್ಡ ಚೀಲದ ತಳದಲ್ಲಿ, ಐನೂರರ ನಾಲ್ಕು ನೋಟು ಶೂ ಒಳಹಾಸಿನ ಕೆಳಗೆ. ಕೈಗೆ ಸಿಗುವ ಪರ್ಸಿನಲ್ಲಿ ಆ ದಿನದ ಖರ್ಚು, ಅಷ್ಟೇ.

ಕುತ್ತಿಗೆಗೆ ನೇತುಹಾಕಿಕೊಳ್ಳುವ ತೆಳು ಚೀಲವನ್ನು ವಿದೇಶಿ ಕೈಪಿಡಿಗಳೆಲ್ಲ ಹೊಗಳುತ್ತವೆ. ಅವನ್ನು ಬರೆದವರು ನಮ್ಮ ಕರಾವಳಿಯ ದೇವಸ್ಥಾನದ ಸಾಲಿನಲ್ಲಿ ನಿಂತಿಲ್ಲ. ಧರ್ಮಸ್ಥಳದಲ್ಲಿ ಗಂಡಸರು ಅಂಗಿ ಬನಿಯನ್ ಕಳಚಿ ಒಳಗೆ ಹೋಗಬೇಕು. ಉಡುಪಿ ಕೃಷ್ಣಮಠದಲ್ಲೂ ಅಂಗಿ ತೆಗೆಯಬೇಕು. ಎದೆಯ ಮೇಲೆ ಜನಿವಾರದ ಪಕ್ಕ ಪಾಸ್‌ಪೋರ್ಟ್ ಚೀಲ ತೂಗಾಡಿಸಿಕೊಂಡು ನೂಕುನುಗ್ಗಲಿನಲ್ಲಿ ಸಾಗುವವರನ್ನು ಕಂಡರೆ ಅಯ್ಯೋ ಅನ್ನಿಸುತ್ತದೆ. ಇಂಥ ಕಡೆ ಪ್ಯಾಂಟಿನ ಒಳಬದಿಗೆ ಹೊಲಿಸಿದ ಜೇಬೇ ಲೇಸು. ಇನ್ನು ಬಾಗಿಲಲ್ಲಿ ಬಿಟ್ಟ ಶೂ. ಗುಡಿಯಲ್ಲಿ ಚಪ್ಪಲಿ ಕಳೆದರೆ ಶನಿ ಕಳೆಯಿತು ಎಂದು ಸಮಾಧಾನ ಮಾಡಿಕೊಳ್ಳುವ ಪದ್ಧತಿ ನಮ್ಮದು. ಆರು ಸಾವಿರದ ಚಾರಣದ ಬೂಟಿನ ಜೊತೆ ಹೋಗುವ ಶನಿ ಮಾತ್ರ ದುಬಾರಿ. ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಂಡು ದರ್ಶನಕ್ಕೆ ಹೋಗಿ, ಬೂಟು ಕೋಣೆಯಲ್ಲೇ ಇರಲಿ.

ಹಂಪಿಯ ಕಳ್ಳರ ಮೇಲೆ ಎಫ್‌ಐಆರ್ ಹಾಕಲಾಗದು. ಅಂಜನಾದ್ರಿಯ ಮೆಟ್ಟಿಲುಗಳಲ್ಲಿ, ವಿರೂಪಾಕ್ಷ ಗುಡಿಯ ಸುತ್ತಮುತ್ತ ಮಂಗಗಳಿಗೆ ಪ್ಲಾಸ್ಟಿಕ್ ಕವರಿನ ಸದ್ದು ಎಂದರೆ ತಿಂಡಿ ಎಂದು ಗೊತ್ತು. ಕೈಯಲ್ಲಿರುವ ಬಾಟಲಿ, ತಲೆಯ ಮೇಲಿನ ತಂಪು ಕನ್ನಡಕ ಇವೂ ಹೋಗುತ್ತವೆ. ಏನಿದ್ದರೂ ಚೀಲದೊಳಗೆ ಹಾಕಿ ಜಿಪ್ಪು ಎಳೆದು ಎರಡೂ ಕೈ ಖಾಲಿ ಇಟ್ಟುಕೊಂಡು ಹತ್ತಿದರೆ ಅವು ಸಾಮಾನ್ಯವಾಗಿ ಪಕ್ಕದವರತ್ತ ತಿರುಗುತ್ತವೆ.

ಮನುಷ್ಯ ಕಳ್ಳರ ಜಾಣತನ ಇದಕ್ಕಿಂತ ಬಹಳ ದೊಡ್ಡದೇನಲ್ಲ. ‘ಗಮನ ಬೇರೆಡೆ ಸೆಳೆದು ಕಳವು’ ಎಂದು ಪತ್ರಿಕೆಯ ಅಪರಾಧ ಪುಟದಲ್ಲಿ ಆಗಾಗ ಓದುತ್ತೇವಲ್ಲ, ಅದರ ಹೂರಣ ಇಷ್ಟೇ: ಹತ್ತು ರೂಪಾಯಿಯ ಮೂರು ನೋಟು ನೆಲಕ್ಕೆ ಚೆಲ್ಲಿ ‘ಸಾರ್, ನಿಮ್ಮ ದುಡ್ಡು ಬಿತ್ತು’ ಎನ್ನುವುದು, ಇಲ್ಲವೇ ಅಂಗಿಯ ಬೆನ್ನಿಗೆ ಗಲೀಜು ಎರಚಿ ‘ಅಯ್ಯೋ, ಏನೋ ಮೆತ್ತಿದೆ ನೋಡಿ’ ಎನ್ನುವುದು. ಬಗ್ಗಿದಾಗ, ಚೀಲ ಕೆಳಗಿಟ್ಟಾಗ ಜೊತೆಗಾರ ಕೆಲಸ ಮುಗಿಸುತ್ತಾನೆ. ಬೆಂಗಳೂರಿನ ಬ್ಯಾಂಕುಗಳ ಮುಂದೆ ನಡೆಯುವ ಇದೇ ಆಟ ಬಾರ್ಸಿಲೋನಾದ ಬೀದಿಗಳಲ್ಲೂ ಹಕ್ಕಿಯ ಹಿಕ್ಕೆಯ ವೇಷದಲ್ಲಿ ನಡೆಯುತ್ತದೆ. ಅಂಗಿಗೆ ಏನೇ ಮೆತ್ತಲಿ, ಮೊದಲು ನಡೆಯಿರಿ, ಅಂಗಡಿಯೊಂದರ ಒಳಗೆ ಹೋಗಿ ಆಮೇಲೆ ಒರೆಸಿಕೊಳ್ಳಿ.

ಹಾಸ್ಟೆಲಿನ ಡಾರ್ಮಿಟರಿಯ ವಿಷಯ ಬೇಗ ಮುಗಿಯುತ್ತದೆ. ಮಂಚದ ಕೆಳಗೊಂದು ಲಾಕರ್ ಇರುತ್ತದೆ, ಬೀಗ ನಿಮ್ಮದು. ತೀರಾ ದಪ್ಪ ಕಂಬಿಯ ಬೀಗ ಅದರ ಕಿಂಡಿಗೆ ಹಿಡಿಸುವುದಿಲ್ಲ, ಮಧ್ಯಮ ಗಾತ್ರದ್ದು ತನ್ನಿ. ಸಮುದ್ರದ ಊರಾದರೆ ಕೀಲಿಕೈಯ ಬೀಗಕ್ಕಿಂತ ನಂಬರ್ ಬೀಗ ವಾಸಿ, ಯಾಕೆಂದರೆ ಗೋಕರ್ಣದ ಕುಡ್ಲೆ ತೀರದಲ್ಲಿ ಅಲೆಗೆ ಇಳಿಯುವಾಗ ಕೀಲಿಕೈಯನ್ನು ಎಲ್ಲಿ ಇಡುತ್ತೀರಿ? ಮರಳಲ್ಲಿ ಹೂತಿಡುವವರಿದ್ದಾರೆ. ಹೂತದ್ದನ್ನು ದಡದಲ್ಲಿ ಕೂತವರೆಲ್ಲ ನೋಡಿರುತ್ತಾರೆ, ಎಲ್ಲಿ ಹೂತದ್ದೆಂದು ಮರೆಯುವವರು ನೀವೊಬ್ಬರೇ.

ಸಮುದ್ರ ತೀರ ಎಂದಾಗ 1975ರಲ್ಲಿ ಪ್ರಕಟವಾದ ಒಂದು ಪ್ರಯೋಗ ಹೇಳಲೇಬೇಕು. ಥಾಮಸ್ ಮೊರಿಯಾರ್ಟಿ ಎಂಬ ಮನಃಶಾಸ್ತ್ರಜ್ಞ ನ್ಯೂಯಾರ್ಕಿನ ಜೋನ್ಸ್ ಬೀಚಿನಲ್ಲಿ ಕಳ್ಳತನದ ನಾಟಕ ಆಡಿಸಿದರು. ಒಬ್ಬರು ಟವೆಲು ಹಾಸಿ, ರೇಡಿಯೋ ಇಟ್ಟು, ಸ್ವಲ್ಪ ಹೊತ್ತಿಗೆ ಎದ್ದು ಹೋಗುತ್ತಾರೆ. ಇನ್ನೊಬ್ಬ ಬಂದು ರೇಡಿಯೋ ಎತ್ತಿಕೊಂಡು ನಡೆಯುತ್ತಾನೆ. ಪಕ್ಕದಲ್ಲಿ ಕೂತ ಅಪರಿಚಿತರು ಏನು ಮಾಡುತ್ತಾರೆ? ಸುಮ್ಮನೆ ಎದ್ದು ಹೋದಾಗ ಇಪ್ಪತ್ತರಲ್ಲಿ ನಾಲ್ವರು ಮಾತ್ರ ಕಳ್ಳನನ್ನು ತಡೆದರು. ‘ನನ್ನ ಸಾಮಾನು ಸ್ವಲ್ಪ ನೋಡಿಕೊಳ್ಳುತ್ತೀರಾ?’ ಎಂದು ಕೇಳಿ ಹೋದಾಗ ಇಪ್ಪತ್ತರಲ್ಲಿ ಹತ್ತೊಂಬತ್ತು ಮಂದಿ ಎದ್ದು ಹೋಗಿ ತಡೆದರು. ಜನ ಅಂಥವರೇ, ತೀರ ಅದೇ, ರೇಡಿಯೋ ಅದೇ. ಬದಲಾದದ್ದು ಒಂದು ಕೋರಿಕೆ.

ನೂರೆಂಟು ಬೀಗ, ಬಲೆಗಳ ಬಗ್ಗೆ ಓದಿದ ಮೇಲೂ ಒಂಟಿ ಪ್ರಯಾಣಿಕರಿಗೆ ಇದಕ್ಕಿಂತ ಉಪಯೋಗದ ಮಾತು ನನಗೆ ಸಿಕ್ಕಿಲ್ಲ. ಒಬ್ಬರೇ ಹೊರಟವರು ಹೆಮ್ಮೆಗೋ ಸಂಕೋಚಕ್ಕೋ ಯಾರನ್ನೂ ಕೇಳುವುದಿಲ್ಲ, ಚೀಲವನ್ನು ಶೌಚಾಲಯದವರೆಗೂ ಹೊತ್ತೊಯ್ಯುತ್ತಾರೆ, ಇಲ್ಲವೇ ದೇವರ ಮೇಲೆ ಭಾರ ಹಾಕಿ ಬಿಟ್ಟು ಹೋಗುತ್ತಾರೆ. ‘ಅಕ್ಕ, ಐದು ನಿಮಿಷ ಈ ಬ್ಯಾಗ್ ನೋಡ್ಕೊಳ್ತೀರಾ?’ ಎಂದರೆ ಆ ಕ್ಷಣದಿಂದ ಆ ಅಕ್ಕ ಬರೀ ಸಹಪ್ರಯಾಣಿಕಳಾಗಿ ಉಳಿಯುವುದಿಲ್ಲ. ನಾಲ್ಕು ಜನಕ್ಕೆ ಕೇಳುವಂತೆ ಕೇಳಿದರೆ ಇನ್ನೂ ಒಳ್ಳೆಯದು, ಚೀಲಕ್ಕೆ ಯಜಮಾನರು ಯಾರೆಂದು ಬೋಗಿಗೇ ಗೊತ್ತಾಗುತ್ತದೆ. ಯಾರನ್ನು ಕೇಳಬೇಕು ಎಂಬುದರಲ್ಲಿ ಒಂದೇ ಒಂದು ನಿಯಮ: ಆರಿಸುವವರು ನೀವಾಗಿರಬೇಕು. ನಿಲ್ದಾಣದಲ್ಲಿ ನೂರು ಜನರಿದ್ದರೆ ಅವರಲ್ಲಿ ಕಳ್ಳ ಒಬ್ಬನಿದ್ದರೆ ಹೆಚ್ಚು. ನೀವಾಗಿ ಬೊಟ್ಟು ಮಾಡಿದವರು ಅವನೇ ಆಗಿರುವ ಸಂಭವ ತೀರಾ ಕಡಿಮೆ. ‘ನಾನು ನೋಡ್ಕೊಳ್ತೀನಿ, ನೀವು ಹೋಗಿಬನ್ನಿ’ ಎಂದು ತಾನಾಗಿ ಮುಂದೆ ಬಂದವನ ಲೆಕ್ಕ ಬೇರೆ, ಅಲ್ಲಿ ಆರಿಸಿದ್ದು ಅವನು. ಮಕ್ಕಳಿರುವ ಸಂಸಾರ, ವಯಸ್ಸಾದ ದಂಪತಿ, ಸ್ಥಳ ಬಿಟ್ಟು ಕದಲಲಾಗದ ಚಹಾ ಅಂಗಡಿಯವರು ನನ್ನ ಪಟ್ಟಿಯಲ್ಲಿ ಮೊದಲು. ಅಂಗಡಿಯಲ್ಲಾದರೆ ಒಂದು ಚಹಾ ಕುಡಿದೇ ಕೇಳುವುದು ಮರ್ಯಾದೆ.

ಅಷ್ಟಾದರೂ ಫೋನು ಮಾತ್ರ ಯಾರ ಕೈಗೂ ಬೇಡ, ಅದರ ಗತಿ ಬೇರೆಯೇ. ಹತ್ತು ವರ್ಷದ ಹಿಂದೆ ಫೋನು ಹೋದರೆ ಫೋನು ಹೋಗುತ್ತಿತ್ತು. ಈಗ ಪರ್ಸು, ಟಿಕೆಟ್ಟು, ಗುರುತಿನ ಚೀಟಿ, ನಕ್ಷೆ, ಹಾಸ್ಟೆಲ್ ವಿಳಾಸ, ಅಪ್ಪನ ನಂಬರು ಎಲ್ಲ ಒಟ್ಟಿಗೆ ಹೋಗುತ್ತವೆ. ಅದರಲ್ಲೂ ಅಪಾಯದ್ದು ಸಿಮ್ಮು. ಫೋನಿಗೆ ಬೆರಳಚ್ಚಿನ ಬೀಗವಿದ್ದರೂ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಒಟಿಪಿಗಳು ಕಳ್ಳನ ಕೈಗೇ ಬರುತ್ತವೆ. ಫೋನಿನ ಸೆಟ್ಟಿಂಗಿನಲ್ಲಿ ಸಿಮ್ ಲಾಕ್ ಎಂದೊಂದು ಇದೆ. ಕಂಪನಿಯ ಮೂಲ ಪಿನ್ ಏನೆಂದು ತಿಳಿದುಕೊಂಡು ಅದನ್ನು ಬದಲಿಸಿ ಹಾಕಿಟ್ಟರೆ, ಸಿಮ್ ಯಾವ ಫೋನಿಗೆ ಹೋದರೂ ಪಿನ್ ಕೇಳುತ್ತದೆ. ಮೂರು ಸಲ ತಪ್ಪಾದರೆ ಮುಚ್ಚಿಕೊಂಡು ಪಿಯುಕೆ ಸಂಖ್ಯೆ ಕೇಳುತ್ತದೆ. ಎರಡು ನಿಮಿಷದ ಕೆಲಸ, ಮಾಡಿಟ್ಟವರನ್ನು ನಾನು ಕಂಡದ್ದು ಕಡಿಮೆ.

ಫೋನು ಹೋದ ಮೇಲೆ ಡೂಪ್ಲಿಕೇಟ್ ಸಿಮ್ ಪಡೆದರೆ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ದೂರಸಂಪರ್ಕ ಇಲಾಖೆಯ 2022ರ ಆದೇಶದಂತೆ ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ವಂಚಕರನ್ನು ತಡೆಯಲೆಂದೇ ಮಾಡಿದ ನಿಯಮ, ಒಳ್ಳೆಯದೇ. ಆದರೆ ಹೊಸ ಫೋನಿಗೆ ಯುಪಿಐ ಹಾಕಿಕೊಳ್ಳಲು ಎಸ್‌ಎಂಎಸ್ ಬೇಕು. ಅಂದರೆ ಪೂರ್ತಿ ಒಂದು ದಿನ, ಗೊತ್ತಿಲ್ಲದ ಊರಿನಲ್ಲಿ, ಖಾತೆಯಲ್ಲಿ ದುಡ್ಡಿದ್ದೂ ಇಡ್ಲಿಗೆ ಗತಿಯಿಲ್ಲ. ಶೂ ಒಳಗಿನ ಆ ನಾಲ್ಕು ನೋಟು ಇದಕ್ಕೇ. ಮನೆಯವರ ಎರಡು ನಂಬರು ಬಾಯಿಪಾಠವಿರಲಿ, ಪಿಎನ್‌ಆರ್ ಮತ್ತು ತಂಗುವ ಜಾಗದ ವಿಳಾಸ ಒಂದು ಕಾಗದದ ಮೇಲಿರಲಿ. ಫೋನು ಉಳಿದು ಗುರುತಿನ ಚೀಟಿ ಹೋಗಿದ್ದರೆ ಡಿಜಿಲಾಕರ್ ಒಳ್ಳೆಯ ಆಸರೆ. ಸರ್ಕಾರವೇ ನೀಡಿದ ದಾಖಲೆಗಳ ವಿಭಾಗದಲ್ಲಿರುವ ಆಧಾರ್, ಚಾಲನಾ ಪರವಾನಗಿಗಳನ್ನು ರೈಲಿನಲ್ಲಿ ಒಪ್ಪುತ್ತಾರೆ, ನಾವೇ ಫೋಟೊ ತೆಗೆದು ಏರಿಸಿದ್ದನ್ನು ಒಪ್ಪುವುದಿಲ್ಲ.

ಚೀಲದೊಳಗೆ ಏರ್‌ಟ್ಯಾಗ್ ಹಾಕಿಟ್ಟರೆ ಆಯಿತಲ್ಲ ಎನ್ನುವವರಿದ್ದಾರೆ. 2021ರಲ್ಲಿ ಬಂದ ಈ ಬಿಲ್ಲೆ ತಾನಾಗಿ ಎಲ್ಲಿದ್ದೇನೆಂದು ಹೇಳಲಾರದು. ಹತ್ತಿರದಲ್ಲಿ ಹಾದುಹೋಗುವ ಆಪಲ್ ಸಾಧನಗಳ ಮೂಲಕವೇ ಸುಳಿವು ಕೊಡಬೇಕು. ಮೆಜೆಸ್ಟಿಕ್‌ನಲ್ಲಿ ನಡೆದೀತು, ಆಗುಂಬೆಯ ಘಾಟಿಯಲ್ಲಿ ಅದು ಮೂಕ. ಯಾರನ್ನೋ ಗುಟ್ಟಾಗಿ ಹಿಂಬಾಲಿಸಲು ಬಳಸಬಾರದೆಂದು, ಅಪರಿಚಿತ ಟ್ಯಾಗ್ ಜೊತೆಗಿದ್ದರೆ ಫೋನಿಗೆ ಎಚ್ಚರಿಕೆ ಬರುವ ಏರ್ಪಾಡೂ ಇದೆ. ಕಳ್ಳನಿಗೂ ಆ ಎಚ್ಚರಿಕೆ ತಲುಪುತ್ತದೆ. ಇನ್ನು ನಕ್ಷೆಯಲ್ಲಿ ಚುಕ್ಕಿ ಕಂಡಿತೆಂದು ಗೊತ್ತಿಲ್ಲದ ಊರಿನ ಗಲ್ಲಿಗೆ ಒಬ್ಬರೇ ನುಗ್ಗುವುದು ಯಾವ ಚೀಲಕ್ಕೂ ತಕ್ಕ ಸಾಹಸವಲ್ಲ, ಪೊಲೀಸರೊಂದಿಗೆ ಹೋಗಿ.

ಕಳವಾದ ಮೇಲಿನ ಮೊದಲ ಗಂಟೆ ಬಗ್ಗೆಯೂ ತಿಳಿದಿರಬೇಕು. ರೈಲಿನಲ್ಲಾದರೆ 139ಕ್ಕೆ ಕರೆ ಮಾಡಿ, ಇಲ್ಲವೇ ಟಿಟಿಇ ಅವರನ್ನು ಹುಡುಕಿ. ದೂರಿನ ನಮೂನೆ ಅವರಲ್ಲೇ ಸಿಗುತ್ತದೆ, ಅದಕ್ಕಾಗಿ ನಡುವೆ ಇಳಿಯಬೇಕಿಲ್ಲ. ರೈಲಿನ ಕಳವಿನ ತನಿಖೆ ರಾಜ್ಯ ಸರ್ಕಾರದ ರೈಲ್ವೆ ಪೊಲೀಸರದು, ಕೇಂದ್ರದ ಆರ್‌ಪಿಎಫ್ ಬೇರೆ. ಯಾರ ಬಳಿ ಹೋದರೂ ‘ಇದು ನಮ್ಮ ಸರಹದ್ದಿನಲ್ಲಿ ಆಗಿದ್ದಲ್ಲ’ ಎನ್ನುವ ಮಾತು ಬರಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಈ ಮಾತಿಗೆ ಅವಕಾಶ ಕೊಟ್ಟಿಲ್ಲ. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು, ಆನ್‌ಲೈನಿನಲ್ಲೂ ಕಳಿಸಬಹುದು, ಹಾಗೆ ಕಳಿಸಿದ್ದಕ್ಕೆ ಮೂರು ದಿನದೊಳಗೆ ಸಹಿ ಹಾಕಬೇಕು. ಪ್ರತಿ ಉಚಿತವಾಗಿ ಕೊಡಬೇಕು. ‘ಕಳೆದುಹೋಗಿದೆ ಅಂತ ಬರ್ಕೊಡಿ ಸಾಕು’ ಎಂದರೆ ಮೆತ್ತಗೆ, ಆದರೆ ಬಿಡದೆ, ‘ಕಳುವಾಗಿದೆ ಸರ್, ಕಳವು ಅಂತಲೇ ಬರೀರಿ’ ಎನ್ನಿ. ವಿಮೆಯವರು ಮುಂದೆ ಹಿಡಿಯುವುದು ಈ ಒಂದು ಪದವನ್ನೇ. ಕಾವಲಿಲ್ಲದೆ ಬಿಟ್ಟ ಚೀಲಕ್ಕೆ ಪ್ರಯಾಣ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ ಎಂಬುದೂ ನೆನಪಿರಲಿ.

ಫೋನಿನ ಐಎಂಇಐ ಸಂಖ್ಯೆಯನ್ನು ಹೊರಡುವ ಮುನ್ನವೇ *#06# ಒತ್ತಿ ನೋಡಿ ಬರೆದಿಟ್ಟುಕೊಳ್ಳಿ. ಪೊಲೀಸ್ ದೂರಿನ ಪ್ರತಿಯೊಂದಿಗೆ ಸಂಚಾರ್ ಸಾಥಿ ಜಾಲತಾಣದ ಸಿಇಐಆರ್ ವಿಭಾಗದಲ್ಲಿ ಆ ಸಂಖ್ಯೆ ಕೊಟ್ಟರೆ ದೇಶದ ಯಾವ ಕಂಪನಿಯ ಸಿಮ್ಮಿಗೂ ಆ ಫೋನು ಕೆಲಸ ಮಾಡದಂತೆ ತಡೆಯುತ್ತಾರೆ, ಬಳಸಲು ಯತ್ನಿಸಿದವರ ಜಾಡೂ ಸಿಗುತ್ತದೆ. ಖಾತೆಯಿಂದ ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ. ಹೊರದೇಶದಲ್ಲಿ ಪಾಸ್‌ಪೋರ್ಟೇ ಹೋದರೆ ಅಲ್ಲಿನ ಪೊಲೀಸರ ವರದಿ ಹಿಡಿದು ಭಾರತೀಯ ರಾಯಭಾರ ಕಚೇರಿಗೆ ಹೋಗಬೇಕು. ಹೊಸ ಪಾಸ್‌ಪೋರ್ಟಿಗೆ ಕಾಯುವಷ್ಟು ದಿನ, ದುಡ್ಡು ಇಲ್ಲದವರಿಗೆ ತುರ್ತು ಪ್ರಮಾಣಪತ್ರ ಕೊಡುತ್ತಾರೆ. ಅದರಲ್ಲಿ ಮುಂದಿನ ದೇಶಕ್ಕೆ ಹೋಗಲಾಗದು, ನೇರ ಭಾರತಕ್ಕೆ ಮರಳಬಹುದು, ಅದೂ ಒಂದೇ ಸಲ. ಹಳೆಯ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟದ ಜೆರಾಕ್ಸು, ಎರಡು ಫೋಟೊ ದೊಡ್ಡ ಚೀಲದ ತಳದಲ್ಲಿದ್ದರೆ ಆ ಕಚೇರಿಯ ಕೆಲಸ ಬೇಗ ಮುಗಿಯುತ್ತದೆ.